ಉಡಿ ತುಂಬಿ ಮನೆಗೆ ಕಳಿಸುವುದು

ನಮ್ಮ ಜೀನ್ಸ್ ಹೊಲಿಗೆ ಘಟಕದಲ್ಲಿ ಯಾರನ್ನೂ ಕೆಲಸದಿಂದ ತೆಗೆಯುತ್ತಿರಲಿಲ್ಲ. ಅಷ್ಟು ಕೆಟ್ಟ ಜನ ಅಲ್ಲ ನಮ್ಮ ಸಾವ್ಕಾರರು. ಹೆಂಗಸೊಬ್ಬಳು ಬಸುರಿ ಎಂದು ಗೊತ್ತಾದರೆ ಅವರ ಹೆಂಡತಿ, ನಮ್ಮೆಲ್ಲರ ಸಾವ್ಕಾರ್ತಿ, ಒಳ್ಳೆಯ ಶುಕ್ರವಾರ ನೋಡಿ ಹಸಿರು ಸೀರೆ, ಹಸಿರು ಬಳೆ, ಕುಬಸದ ಖಣ, ತೆಂಗಿನಕಾಯಿ, ಉತ್ತತ್ತಿ ತಂದು, ಹೊಲಿಗೆ ಮಷಿನ್ನುಗಳ ನಡುವೆ ಚಾಪೆ ಹಾಸಿ ಕೂರಿಸಿ ಉಡಿ ತುಂಬುತ್ತಿದ್ದರು. ಆರತಿ, ಪೇಡೆ, ಮೊಬೈಲಿನಲ್ಲಿ ಫೋಟೊ. ಮರುದಿನದಿಂದ ಆ ಹೆಂಗಸು ಬರುತ್ತಿರಲಿಲ್ಲ. ಬರಬೇಡ ಎಂದು ಯಾರೂ ಹೇಳಿದವರಲ್ಲ. ಉಡಿ ತುಂಬಿಸಿಕೊಂಡು ಹೋಗುವುದು ರೂಢಿ, ಅವಳ ಸ್ಟೂಲಿನ ಮೇಲೆ ಸೋಮವಾರ ಇನ್ನೊಬ್ಬಳು ಕೂರುವುದೂ ರೂಢಿ.

ನಾನು ಸೇರಿದ ಹೊಸದರಲ್ಲಿ ನನ್ನ ಪಕ್ಕದ ಸ್ಟೂಲಿನಲ್ಲಿ ಒಬ್ಬ ಅಕ್ಕ ಇದ್ದಳು. ಪ್ಯಾಂಟಿನ ಹೊಲಿಗೆ ತಪ್ಪಿದ್ದನ್ನು ಕಣ್ಣುಮುಚ್ಚಿ ಬೆರಳಲ್ಲೇ ಹಿಡಿಯುತ್ತಿದ್ದಳು. ನನಗೆ ಚೆಕಿಂಗ್ ಕಲಿಸಿದ್ದೇ ಅವಳು. ಅವಳಿಗೂ ಉಡಿ ತುಂಬಿದರು. ಕೂಸು ಹುಟ್ಟಿ ಆರೇಳು ತಿಂಗಳಾದ ಮೇಲೆ ಅದನ್ನು ಕಂಕುಳಲ್ಲಿ ಎತ್ತಿಕೊಂಡು ಕೆಲಸ ಕೇಳಲು ಬಂದಾಗ ಸಾವ್ಕಾರ್ತಿ ಕೂಸಿನ ಕೈಗೆ ನೋಟಿಟ್ಟು, ಅಕ್ಕನ ಹಣೆಗೆ ಕುಂಕುಮ ಹಚ್ಚಿ, "ಮಗೂನ್ನ ಛಲೋ ಬೆಳಸಮ್ಮಾ" ಎಂದು ಕಳಿಸಿದರು. ಅಕ್ಕನೂ ತಲೆಯಾಡಿಸಿ ಹೋದಳು. ನಾವೂ ಕೂಸಿನ ಗಲ್ಲ ಹಿಂಡಿ ಕೆಲಸಕ್ಕೆ ಕೂತೆವು. ಎಂಥ ಬುದ್ಧಿವಂತರು ನಾವು!

ಆಮೇಲೆ ನನ್ನ ಸರದಿ ಬಂತು.

ನಾನು ಹುಟ್ಟಿದ್ದು ಸಿರಿಗೇರಿಯಲ್ಲಿ, ಬಿ.ಕಾಂ. ಮುಗಿಸಿದ್ದು ಸಿರುಗುಪ್ಪದಲ್ಲಿ, ಮದುವೆಯಾಗಿ ಬಂದದ್ದು ಕುರುಗೋಡು ಕಡೆಯ ಬಾದನಹಟ್ಟಿಗೆ. ಅಲ್ಲಿಂದ ದಿನಾ ಬಳ್ಳಾರಿಗೆ ಬಸ್ಸು. ಆ ಬಸ್ಸಿನ ಕುಲುಕಾಟದಲ್ಲಿ ಬಸುರಿಯ ಹೊಟ್ಟೆ ಸುಮ್ಮನಿರುತ್ತದೆಯೇ? ಒಂದು ದಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿ, ಬಾಯಿ ಒರೆಸಿಕೊಳ್ಳಲು ಚೀಲದಲ್ಲಿ ಕೈಯಾಡಿಸಿದರೆ ಸಿಕ್ಕಿದ್ದು ಹಿಂದಿನ ದಿನ ಕೊಟ್ಟ ಸಂಬಳದ ಚೀಟಿ. ಆ ಚೀಟಿಯನ್ನು ನಮ್ಮಲ್ಲಿ ಯಾರೂ ಓದುತ್ತಿರಲಿಲ್ಲ. ಬಟವಾಡೆಯ ದಿನ ಸಂಜೆ ಗೇಟಿನ ಹೊರಗಿನ ಬಂಡಿಯಲ್ಲಿ ಬಿಸಿ ಮಿರ್ಚಿ ತೆಗೆದುಕೊಂಡು, ಅದರ ಎಣ್ಣೆಯನ್ನು ಆ ಚೀಟಿಗೆ ಒತ್ತಿ ತೆಗೆಯುತ್ತಿದ್ದೆವು. ಕಾಗದ ಚೆನ್ನಾಗಿತ್ತು, ಎಣ್ಣೆ ಬೇಗ ಹೀರುತ್ತಿತ್ತು. ಆ ಸಲ ಮಾತ್ರ ವಾಕರಿಕೆಗೆ ಹೆದರಿ ನಾನು ಮಿರ್ಚಿ ತಿಂದಿರಲಿಲ್ಲ.

ಬಾಯಿ ಒರೆಸುವ ಮುಂಚೆ ಅದೇಕೋ ಓದಿದೆ. ಕಡಿತಗಳ ಸಾಲಿನಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ, ಎಂದಿತ್ತು. ಪ್ರತಿ ತಿಂಗಳೂ ಇತ್ತಂತೆ. ಬಿ.ಕಾಂ. ಓದಿದವಳು ನಾನು, ನಮ್ಮಪ್ಪ ಕಟ್ಟಿದ ಫೀಸಿಗೆ ಒಂದು ಎಮ್ಮೆಯಾದರೂ ಬರುತ್ತಿತ್ತು.

ಅರ್ಧ ದಿನ ರಜೆ ಹಾಕಿ ಇಎಸ್‌ಐ ಕಚೇರಿಗೆ ಹೋಗಿ ಕೇಳಿದೆ. ಕಿಟಕಿಯ ಆಚೆಗಿದ್ದ ಹೆಂಗಸು ನನ್ನ ನಂಬರು ಹಾಕಿ ನೋಡಿ ಹೇಳಿದರು: "ನಿಮ್ಮ ಹಣ ಕರೆಕ್ಟಾಗಿ ಜಮಾ ಆಗೈತ್ರಿ. ಹೆರಿಗಿಗೆ ಇಪ್ಪತ್ತಾರು ವಾರ ರಜಾ. ಅಷ್ಟು ದಿನದ ಪಗಾರ ನಾವು ಕೊಡ್ತೀವಿ, ನಿಮ್ಮ ಮಾಲಕರಲ್ಲ. ರಜಾದಾಗ ಕೆಲಸದಿಂದ ತೆಗಿಯಂಗೂ ಇಲ್ಲ."

"ಉಡಿ ತುಂಬಿದ್ರ?" ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಉಡಿ ತುಂಬಿದ್ರ ತುಂಬಿಸ್ಕರ್ರಿ. ರಾಜೀನಾಮಿಗೆ ಮಾತ್ರ ಸೈನ್ ಹಾಕಬ್ಯಾಡ್ರಿ."

ಮನೆಗೆ ಬಂದು ನೇಮಕಾತಿ ಪತ್ರ ಹುಡುಕಿದೆ. ಸಿಕ್ಕಿದ್ದು ದೇವರ ಜಗಲಿಯ ಮೇಲೆ. ಕೆಲಸ ಸಿಕ್ಕ ದಿನವೇ ನಮ್ಮತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ವಿಭೂತಿ ಗಟ್ಟಿಯ ಕೆಳಗೆ ಇಟ್ಟಿದ್ದರು. ದಿನಾ ಊದಿನಕಡ್ಡಿ ಬೆಳಗಿ ಬೆಳಗಿ ಅದರ ಒಂದು ಮೂಲೆ ಕಂದಿತ್ತು. ಪೂಜೆ ಇಷ್ಟು ಆದದ್ದು, ಓದಿದ್ದು ಸೊನ್ನೆ. ಕುಂಕುಮ ಉಜ್ಜಿ ತೆಗೆದು ಓದಿದೆ. ಕೆಲಸ ಬಿಡಿಸುವುದಿದ್ದರೆ ಒಂದು ತಿಂಗಳು ಮೊದಲೇ ಬರೆದು ತಿಳಿಸಬೇಕು ಎಂದಿತ್ತು. ಹಸಿರು ಸೀರೆಯ ಸುದ್ದಿ ಎಲ್ಲೂ ಇರಲಿಲ್ಲ.

ನಾನು ರಜೆ ಚೀಟಿ ಬರೆದು ಸಾವ್ಕಾರರ ಮುಂದಿಟ್ಟೆ. ಅವರು ಓದಿ, ಮಡಚಿ, ಡ್ರಾಯರಿನಲ್ಲಿ ಹಾಕಿದರು.

"ಏನು ತಂಗೀ, ನಾವೆಲ್ಲ ಒಂದ ಮನಿಯವರು. ಮನ್ಯಾಗ ಯಾರರ ಕಾಯ್ದೆ ಮಾತಾಡ್ತಾರೇನು? ಬರೋ ಶುಕ್ರವಾರ ಉಡಿ ಇಟ್ಕಂಡೀವಿ. ಆರಾಮ ಮನ್ಯಾಗ ಇರು. ಮುಂದಿಂದು ಮುಂದ."

ಆ 'ಮುಂದ' ಏನೆಂದು ನನಗೆ ಗೊತ್ತಿತ್ತು. ಅಕ್ಕನ ಕಂಕುಳಲ್ಲಿದ್ದ ಕೂಸು ಕಣ್ಣ ಮುಂದೆ ಬಂತು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆ ಸ್ಟೂಲು ಇದ್ದದ್ದಕ್ಕೇ ಬಾದನಹಟ್ಟಿಯ ಮನೆಯಲ್ಲಿ ನನ್ನನ್ನು ಒಂದು ಮಾತು ಕೇಳುತ್ತಿದ್ದರು. ಅದು ಹೋದರೆ ಪಲ್ಯಕ್ಕೆ ಯಾವ ಕಾಯಿ ಹೆಚ್ಚಬೇಕು ಎಂದು ನಾನೇ ನಾಲ್ಕು ಮಂದಿಯನ್ನು ಕೇಳಬೇಕಾಗುತ್ತಿತ್ತು.

"ನಾನು ಉಡಿ ತುಂಬಿಸ್ಕಳಲ್ಲ" ಎಂದು ಮನೆಯಲ್ಲಿ ಸಾರಿದೆ. ನನ್ನ ಗಂಡ ಟಿ.ವಿ. ಸೌಂಡು ಜಾಸ್ತಿ ಮಾಡಿದ. ನಮ್ಮತ್ತೆ ಎದೆಗೆ ಕೈ ಹಚ್ಚಿಕೊಂಡರು.

"ಯವ್ವಾ ಯವ್ವಾ! ಉಡಿ ಒಲ್ಲೆ ಅಂತಾರೇನ ಹುಚ್ಚಿ? ಮುತ್ತೈದಿ ಬಾಯಾಗ ಬರೋ ಮಾತೇನದು? ನೆತ್ತಿ ಮ್ಯಾಲೆ ಜ್ಞಾನ ಐತಿಲ್ಲೋ?"

ನಮ್ಮತ್ತೆ ಬಾಯಿ ತೆರೆದರೆ ಓಣಿಯ ನಾಯಿಗಳೂ ಬೊಗಳುವುದು ನಿಲ್ಲಿಸಿ ಕೇಳುತ್ತವೆ. ಅವರು ಸುಸ್ತಾಗುವವರೆಗೆ ಕಾದು, ಚೀಟಿ, ಕಿಟಕಿಯ ಹೆಂಗಸು, ಅಕ್ಕನ ಕತೆ ಎಲ್ಲ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು. ನನ್ನ ಮೇಲಿನ ಪ್ರೀತಿ ಎಷ್ಟೋ, ನಾನು ತರುತ್ತಿದ್ದ ಎಲೆ ಅಡಿಕೆಯ ಮೇಲಿನ ಪ್ರೀತಿ ಎಷ್ಟೋ, ನಾನು ತೂಗಿ ನೋಡಲು ಹೋಗಲಿಲ್ಲ. ಎಲೆ ಅಗಿದು ಮುಗಿದ ಮೇಲೆ ಕೇಳಿದರು: "ಆ ಸಾವ್ಕಾರ್ತಿ ನಿನಗ ಉಡಿ ತುಂಬೂದು ಏನಾಗಿ?"

"ಏನಾಗಿ ಅಂದ್ರ?"

"ಉಡಿ ತುಂಬಾಕ ಒಂದು ನಂಟು ಬೇಕಲ್ಲಲೇ. ಶುಕ್ರವಾರ ನಾನೂ ಬರ್ತೀನಿ."

ಶುಕ್ರವಾರ ಅತ್ತೆ ಇಳಕಲ್ ಸೀರೆ ಉಟ್ಟು ಹೊರಟರು. ಘಟಕದಲ್ಲಿ ಮಷಿನ್ನುಗಳು ನಿಂತಿದ್ದವು. ನನ್ನನ್ನು ಚಾಪೆಯ ಮೇಲೆ ಕೂರಿಸಿದರು. ಸಾವ್ಕಾರ್ತಿ ತಟ್ಟೆ ಹಿಡಿದು ಬಂದಾಗ ಅತ್ತೆ ನನ್ನ ಉಡಿಯ ಮುಂದೆ ಕೈ ಅಡ್ಡ ಇಟ್ಟರು.

"ತಾಯೀ, ತಪ್ಪು ತಿಳೀಬ್ಯಾಡ್ರಿ. ಯಾರ ಕಡಿಂದ ತುಂಬಾಕತ್ತೀರಿ?"

ಸಾವ್ಕಾರ್ತಿ ಚೆಂದ ನಕ್ಕರು. "ನಾವ ತವರುಮನಿ ಅಂತ ತಿಳ್ಕರ್ರಿ. ಇಕಿ ನಮ್ಮ ಮನಿ ಮಗಳು."

"ನಿಮ್ಮ ಬಾಯಿಗೆ ಸಕ್ರಿ ಹಾಕ!" ಎಂದರು ಅತ್ತೆ. "ಇದು ಚೊಚ್ಚಲ. ಚೊಚ್ಚಲ ಬಾಣಂತನ ತವರುಮನಿದು. ಸಿರಿಗೇರಿ ಬೀಗತಿಗೂ ವಯಸ್ಸಾತು, ಪಾಪ, ಆಕಿಗೆ ಫೋನ್ ಮಾಡಿ ಹೇಳ್ತೀನಿ, ಬಳ್ಳಾರಿ ಪಾರ್ವತಿನಗರದಾಗ ನಿಮ್ಮ ಮಗಳಿಗೆ ದೊಡ್ಡ ತವರು ಸಿಕ್ಕೈತಿ ಅಂತ. ಯಾವ ರೂಮಿನ್ಯಾಗ ಮಲಗಸ್ತೀರಿ? ಗಾಳಿ ಆಡಬಾರದು ಮತ್ತ. ಕೂಸಿಗೆ ನೀರು ಎರಿಯಾಕ ಒಬ್ಬಾಕಿ ಬೇಕು. ಅಂಟಿನುಂಡಿಗೆ ತುಪ್ಪ ಮನಿದ ಇರ್ಲಿ, ಅಂಗಡಿದು ಬ್ಯಾಡ. ಐದು ತಿಂಗಳು ಆದ ಮ್ಯಾಲೆ ತೊಟ್ಲ ಹೊರಿಸಿ ಕಳಿಸೀರಂತ."

ಸಾವ್ಕಾರ್ತಿ ತಟ್ಟೆಯನ್ನು ಮಷಿನ್ನಿನ ಮೇಲಿಟ್ಟು ಕ್ಯಾಬಿನ್ನಿನ ಕಡೆ ನೋಡಿದರು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಟೈಲರ್ ಮಾಸ್ತರು ಗೋಡೆಗೆ ಮುಖ ಮಾಡಿ ಕೆಮ್ಮತೊಡಗಿದರು.

ಸಾವ್ಕಾರರು ಕ್ಯಾಬಿನ್ನಿನಿಂದ ಬಂದರು. "ಅಮ್ಮಾ, ಅದು ಹಂಗಲ್ರಿ. ಬಾಯಿಮಾತಿಗೆ ಅಂದದ್ದು."

"ಬಾಯಿಮಾತಿಗಾದ್ರ ಸಾವ್ಕಾರ್ರ, ಉಡಿನೂ ಬಾಯಿಮಾತಿಲೇ ತುಂಬಿಬಿಡ್ರಿ, ಸೀರಿ ರೊಕ್ಕ ಉಳೀತೈತಿ. ಒಂದಾ ತವರು ಆಗ್ರಿ, ಇಲ್ಲಾ ಸಾವ್ಕಾರ ಆಗ್ರಿ. ತವರಾದ್ರ ಬಾಣಂತನ ಮಾಡ್ರಿ. ಸಾವ್ಕಾರಾದ್ರ ರಜಾ ಬರಕೊಡ್ರಿ. ಮಗಳು ಅಂತ ಕರದು ಹೊಸ್ತಿಲ ಹೊರಗ ಬಿಟ್ಟು ಬಾಗಲ ಹಾಕೋ ತವರನ್ನ ನಾ ಎಲ್ಲೂ ಕಂಡಿಲ್ಲ."

 ನಾನು ಚಾಪೆಯ ಮೇಲೆ ಕೂತಲ್ಲೇ ಹೇಳಿದೆ: "ಸಾರ್, ಪಗಾರ ನೀವು ಕೊಡಬೇಕಿಲ್ಲ. ಇಎಸ್‌ಐದವರು ಕೊಡ್ತಾರ. ನನ್ನ ಸ್ಟೂಲು ಇಟ್ಟಿದ್ರ ಸಾಕು."

"ನಾನು ಕೊಡಬೇಕಿಲ್ಲಾ?" ಎಂದರು ಸಾವ್ಕಾರರು.

ಅಲ್ಲೇ ಆಡಿಟರಿಗೆ ಫೋನು ಹಚ್ಚಿದರು. ಹೂಂ, ಹೂಂ, ಹೌದೇನ್ರಿ, ಮತ್ತ ಇಷ್ಟು ವರ್ಷ ಯಾಕ ಹೇಳಿಲ್ಲ ನೀವು, ಎಂದು ಆ ಪುಣ್ಯಾತ್ಮನನ್ನೇ ಬೈದರು. ವರ್ಷಾನುಗಟ್ಟಲೆ ನಮ್ಮ ಪಾಲಿಗಿಂತ ಹೆಚ್ಚು ತಾವೇ ಕಟ್ಟುತ್ತ ಬಂದಿದ್ದಾರೆ, ಏತಕ್ಕೆಂದು ಅವರಿಗೂ ಗೊತ್ತಿರಲಿಲ್ಲ. ನಾವು ಚೀಟಿ ಓದದವರು, ಅವರು ಚಲನ್ನು ಓದದವರು. ಫೋನಿಟ್ಟಾಗ ಅವರ ಮುಖ ಅರಳಿತ್ತು. ಡ್ರಾಯರಿನಿಂದ ನನ್ನ ರಜೆ ಚೀಟಿ ತರಿಸಿ, ಸಹಿ ಹಾಕಿ, ಸೀಲು ಒತ್ತಿದರು. ಅತ್ತೆ ಅದನ್ನು ಇಸಿದುಕೊಂಡು ತಲೆಕೆಳಗು ಹಿಡಿದು ಪರೀಕ್ಷಿಸಿ, ಮಡಚಿ, ತಮ್ಮ ಕುಬಸದೊಳಗೆ ಇಟ್ಟುಕೊಂಡರು. ಆಮೇಲೆ ಕೈ ತೆಗೆದು, "ಈಗ ತುಂಬ್ರಿ ತಾಯೀ" ಎಂದರು.

ಮಗಳು ಹುಟ್ಟಿದಳು. ಬಾಣಂತನ ಸಿರಿಗೇರಿಯಲ್ಲೇ ಆಯಿತು. ನನ್ನ ಹಣ ನನ್ನ ಖಾತೆಗೆ ಬಂತು. ರಜೆ ಮುಗಿಸಿ ಹೋದ ದಿನ ನನ್ನ ಸ್ಟೂಲಿನ ಮೇಲೆ ಇನ್ನೊಬ್ಬ ಹುಡುಗಿ ಕೂತಿದ್ದಳು. ನನ್ನನ್ನು ನೋಡಿ ತಾನಾಗಿ ಎದ್ದು ಪಕ್ಕದ ಸ್ಟೂಲಿಗೆ ಹೋದಳು.

ಮೊದಲ ಬಟವಾಡೆಯ ಸಂಜೆ ಗೇಟಿನ ಹತ್ತಿರ ಅಕ್ಕ ಸಿಕ್ಕಳು. ಈಗ ಅವಳು ಪ್ಯಾಂಟಿನ ಗಂಟು ಮನೆಗೊಯ್ದು ದಾರ ಕತ್ತರಿಸಿ ತಂದುಕೊಡುತ್ತಾಳೆ, ಪೀಸಿಗಿಷ್ಟು ಎಂದು. ಅವಳಿಗೆ ಚೀಟಿಯೂ ಇಲ್ಲ, ರಜೆಯೂ ಇಲ್ಲ. ಉಡಿ ತುಂಬಿದಾಗ ಕೊಟ್ಟ ಅದೇ ಹಸಿರು ಸೀರೆ ಉಟ್ಟಿದ್ದಳು, ಅಂಚು ಬಿಳಿಚಿತ್ತು. "ಏನಲೇ, ತಿರುಗಿ ಬಂದಿ?" ಎಂದು ಬೆರಗಾದಳು. ಮಿರ್ಚಿ ಕೊಡಿಸಿ ಎಲ್ಲ ಹೇಳಿದೆ. ಅತ್ತೆಯ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ ನನ್ನ ಚೀಟಿ ಕೇಳಿದಳು. ಆ ಸಾಲು ಎಲ್ಲಿ ಎಂದು ತೋರಿಸಿದೆ.

"ಇದು ನನ್ನ ಚೀಟಿಯಾಗೂ ಇತ್ತೇನು?"

ಇಲ್ಲ ಎಂದುಬಿಡೋಣ ಅನ್ನಿಸಿತು. "ಇತ್ತಕ್ಕಾ" ಎಂದೆ.

ಅವಳು ಆ ಸಾಲಿನ ಮೇಲೆ ಬೆರಳಾಡಿಸಿದಳು. "ನಾನು ಇದಕ್ಕ ಮಿರ್ಚಿ ಎಣ್ಣಿ ಒತ್ತಿ ಒಗದ್ನಲ್ಲಲೇ" ಎಂದಳು.  ನನಗೆ ಸಿಟ್ಟು ಬಂತು, ಅವಳು ಕೂಸು ಎತ್ತಿಕೊಂಡು ಬಂದ ದಿನ ಸುಮ್ಮನೆ ಕೆಲಸಕ್ಕೆ ಕೂತ ನಮ್ಮೆಲ್ಲರ ಮೇಲೆ.

ಅವಳು ಚೀಟಿಯನ್ನು ಸೀರೆಗೆ ಒರೆಸಿ, ಮಡಚಿ ನನ್ನ ಕೈಗಿಟ್ಟಳು. ಗಂಟು ತಲೆಗೆ ಏರಿಸಲು ನನ್ನಿಂದ ಕೈ ಹಾಕಿಸಿಕೊಂಡಳು. ನಾಲ್ಕು ಹೆಜ್ಜೆ ಹೋದವಳು ಗಂಟಿನ ಸಮೇತ ತಿರುಗಿದಳು.

"ಲೇ, ಗುಂಡಿ ಹಚ್ಚೋ ಹುಡುಗಿ ನಿನ್ನಿ ನಳದ ಹತ್ರ ವಾಂತಿ ಮಾಡ್ಕಂತಿದ್ಳು. ನಿಮ್ಮತ್ತಿಗೆ ಹೇಳು, ಶುಕ್ರವಾರ ಎಲ್ಲೂ ಹೋಗಬ್ಯಾಡ ಅಂತ."