ಸಣ್ಣಾಚಾರ್ರ ಅಯಸ್ಕಾಂತ

ಸಣ್ಣಾಚಾರ್ರ ಅಯಸ್ಕಾಂತವನ್ನು ಹಾಳು ಮಾಡಿದವನು ನಾನು. ಅವರ ಉಕ್ಕಿನಲ್ಲಿ ಯಾವ ದೋಷವೂ ಇರಲಿಲ್ಲ — ಇಷ್ಟನ್ನು ಹೇಳಲು ನನಗೆ ಮೂವತ್ತು ವರ್ಷ ಬೇಕಾಯಿತು.

ಐವತ್ತರ ದಶಕದಲ್ಲಿ ಹಾಸನದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇತ್ತು. ಹಳೆಯ ಮೋಟಾರುಗಳ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ರಿಪೇರಿ ನನ್ನ ಕೆಲಸ. ಅದರ ಜೀವವೆಲ್ಲ ಒಳಗಿನ ಲಾಳದಾಕಾರದ ಅಯಸ್ಕಾಂತದಲ್ಲಿ. ಹೊಸದು ಸಿಗುತ್ತಿರಲಿಲ್ಲ. ಅರಕಲಗೂಡಿನ ಕಮ್ಮಾರ ಸಣ್ಣಾಚಾರ್ರು ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಬಗ್ಗಿಸಿ, ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ ಹದ ಕೊಡುತ್ತಿದ್ದರು. ನಾನು ಅದರ ಸುತ್ತ ತಂತಿ ಸುತ್ತಿ, ಬ್ಯಾಟರಿ ಕರೆಂಟು ಹರಿಸಿ ಶಕ್ತಿ ತುಂಬುತ್ತಿದ್ದೆ. ಅವರ ಕೈಯಿಂದ ಬಂದ ಉಕ್ಕು ಹಿಡಿದ ಶಕ್ತಿಯನ್ನು ವರ್ಷಗಟ್ಟಲೆ ಬಿಡುತ್ತಿರಲಿಲ್ಲ.

ಹೊಳೆನರಸೀಪುರದ ಬಾಡಿಗೆ ವ್ಯಾನಿಗೆಂದು ಅವರು ಮಾಡಿಕೊಟ್ಟದ್ದು ಕೊಂಚ ಅಗಲವಾಗಿ, ಒಳಗೆ ಕೂರಲಿಲ್ಲ. ವಾಪಸು ಕಳಿಸಬೇಕಿತ್ತು. ವ್ಯಾನಿನವನು ಬಾಗಿಲಲ್ಲೇ ನಿಂತಿದ್ದ. ಅವನೆದುರು ‘ಇವತ್ತು ಆಗುವುದಿಲ್ಲ’ ಎನ್ನಲು ನನ್ನ ಜಂಬ ಬಿಡಲಿಲ್ಲ. ಬೆಸುಗೆಗೆ ಬಳಸುವ ಬ್ಲೋಲ್ಯಾಂಪ್‌ನ ಉರಿಯಲ್ಲಿ ಕಾಯಿಸಿ ಬಗ್ಗಿಸಿದೆ. ಹಾಗೆ ಕಾಯಿಸಿದರೆ ಹದ ಹೋಗುತ್ತದೆ, ತುಂಬಿದ ಶಕ್ತಿ ನಿಲ್ಲುವುದಿಲ್ಲ — ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಶಕ್ತಿ ತುಂಬಿ ಕೂರಿಸಿದೆ; ಕಿಡಿ ಬಂತು, ವ್ಯಾನ್ ಹೋಯಿತು.

ಎರಡು ತಿಂಗಳಾಗಿತ್ತು. ಹಳೇಕೋಟೆ ಎಂಬ ಹಳ್ಳಿಯಿಂದ ಹೆರಿಗೆ ನೋವಿನ ಹೆಂಗಸನ್ನು ಕರೆತರುತ್ತಿದ್ದಾಗ ವ್ಯಾನ್ ದಾರಿಯಲ್ಲಿ ನಿಂತಿತು. ಎಷ್ಟು ಹ್ಯಾಂಡಲ್ ತಿರುಗಿಸಿದರೂ ಕಿಡಿ ಹುಟ್ಟಲಿಲ್ಲ. ಎತ್ತಿನ ಗಾಡಿ ಹುಡುಕಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ — ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಮಗುವಿನ ತಂದೆ ವರ್ಕ್‌ಶಾಪಿಗೆ ಬಂದ ದಿನ ಆಚಾರ್ರೂ ಅಲ್ಲೇ ಇದ್ದರು.

“ಯಾರ್ದ್ ತಪ್ಪು, ಯೋಳ್ಬುಡಿ ಸಾ” ಎಂದ ಆತ.

ಆಚಾರ್ರ ಮುಖ ನೋಡದೆ ಹೇಳಿದೆ: “ಉಕ್ಕಿಗೆ ಹದ ಸಾಲದಾಗಿತ್ತು.”

ಆಚಾರ್ರು ನನ್ನ ಮಾತನ್ನು ನಂಬಿಬಿಟ್ಟರು. ಆಮೇಲೆ ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು, ಟವಲಿನಲ್ಲಿ ಹೊಸದೊಂದು ಅಯಸ್ಕಾಂತದ ಉಕ್ಕು ಸುತ್ತಿಕೊಂಡು. ಒಮ್ಮೆ ಎಣ್ಣೆಗೆ ಅದ್ದಿದ್ದು, ಒಮ್ಮೆ ಉಪ್ಪುನೀರಿಗೆ.

“ಈಗ್ಲಾರ ಹದ ಬಂದೈತಾ ನೋಡಿ ಸಾ.”

ಬಂದಿರುತ್ತಿತ್ತು. ಪ್ರತಿ ಸಲವೂ. “ಚೆನ್ನಾಗಿದೆ ಆಚಾರ್ರೇ” ಎಂದರೆ, “ಆ ವ್ಯಾನಿಂದಕ್ಕೂ ಅಂಗೇ ಅಂದಿದ್ರಿ” ಎಂದು ಮತ್ತೆ ಟವಲಿನಲ್ಲಿ ಸುತ್ತಿ ಒಯ್ಯುತ್ತಿದ್ದರು. ಆ ಕ್ಷಣ ಬಾಯಿ ಬಿಟ್ಟಿದ್ದರೆ... ಬಿಡಲಿಲ್ಲ. ಕೊನೆಗೆ ಅವರು ಬರುವುದು ನಿಂತಿತು. ಕುಡುಗೋಲಿಗೆ ಹದ ಕೊಡುವುದನ್ನೂ ಬಿಟ್ಟಿದ್ದಾರಂತೆ ಎಂದು ಯಾರೋ ಹೇಳಿದರು. ಅರವತ್ತರ ದಶಕದ ನಡುವೆ ತೀರಿಕೊಂಡರು.

ಹೋದ ತಿಂಗಳು ಅರಕಲಗೂಡಿಗೆ ಹೋಗಿ ಅವರ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದೆ. ಆಕೆ ಅವರೆಕಾಯಿ ಸುಲಿಯುತ್ತಿದ್ದರು, ಕೈ ನಿಂತಿತು.

“ನಾನೇ ಆ ಮಗಾನ ಕೊಂದೆ ಅಂತ ಕುಲುಮೆ ಮುಂದೆ ಕುಂತು ಅಳೋರು ಕಣಪ್ಪ. ಅವ್ರಿದ್ದಾಗ ಬರ್ಬೇಕಿತ್ತು ನೀನು.”

ಹೌದು. ಬರಬೇಕಿತ್ತು.

ಹಳೇಕೋಟೆಯ ಆ ತಾಯಿ ಇದ್ದಾಳೆ. ಇಂದಿಗೂ ಆಚಾರ್ರನ್ನೇ ಶಪಿಸುತ್ತಾಳಂತೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ — ಆ ಶಾಪ ನನ್ನದು ಎಂದು ಹೇಳುವುದಕ್ಕೆ.