ಎರಡನೆಯ ಸಲ ಕೇಳುವ ಯಂತ್ರ

ಚಿತ್ರದುರ್ಗದಲ್ಲಿ ಒಂದು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಆಫೀಸೆಂದರೆ ನಾಲ್ಕು ಕಂಪ್ಯೂಟರು, ಹೆಡ್‌ಫೋನುಗಳು, ಸೆಕೆಗಾಲದಲ್ಲೇ ಕೈಕೊಡುವ ಒಂದು ಫ್ಯಾನು. ಕೆಲಸ ಏನೆಂದು ಹೇಳಿದರೆ ನಗಬೇಡಿ: ಜನ ಮಾತಾಡಿದ್ದನ್ನು ಕೇಳಿಸಿಕೊಂಡು ಕಂಪ್ಯೂಟರಿಗೆ ಅದರ ಭಾವ ಹೇಳಿಕೊಡುವುದು. ಈ ದನಿಯಲ್ಲಿ ಕೋಪವಿದೆ, ಇದರಲ್ಲಿ ಬೇಸರವಿದೆ, ಇವನು ಒಪ್ಪಿದ, ಇವಳು ಒಲ್ಲೆ ಎಂದಳು ಎಂದು ಪ್ರತಿ ತುಣುಕಿಗೂ ಗುರುತು ಹಾಕಬೇಕು. ಆಸ್ಪತ್ರೆಯಲ್ಲಿ ಒಂಟಿಯಾಗಿ ಮಲಗಿದವರನ್ನು ಮಾತಾಡಿಸಿ, ಊಟ ನೀರು ವಿಚಾರಿಸುವ ಯಂತ್ರವೊಂದನ್ನು ಯಾರೋ ಮಾಡುತ್ತಿದ್ದರು. ಅದಕ್ಕೆ ನಮ್ಮ ಸೀಮೆಯ ನಡವಳಿಕೆ ಕಲಿಸುವುದು ನಮ್ಮ ಪಾಲಿಗೆ ಬಂದಿತ್ತು.

ನನ್ನ ಪಕ್ಕದ ಕುರ್ಚಿ ಏಕನಾಥಮ್ಮನದು. ಬಿ.ದುರ್ಗದ ಕಡೆಯ ಕುರಿಗಾರರ ಮನೆಯವಳು, ಐವತ್ತರ ಹತ್ತಿರ. ಮದುವೆಯಾದ ಹೊಸತರಲ್ಲೇ ಗಂಡ ತೀರಿಕೊಂಡ. ಆಮೇಲೆ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡಿ ತಮ್ಮ ಓಬಳೇಶನನ್ನು ಐಟಿಐ ಓದಿಸಿದಳು. ಅವನೀಗ ಹೊಸದುರ್ಗದಲ್ಲಿ ಲೈನ್‌ಮ್ಯಾನ್, ಹೊಸ ಮನೆ ಕಟ್ಟಿಸಿದ್ದಾನೆ. ಇವಳು ಇಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ. ಸಂಜೆ ಆಫೀಸು ಮುಚ್ಚುವಾಗ ಇವಳಷ್ಟು ನಿಧಾನವಾಗಿ ಚಪ್ಪಲಿ ಮೆಟ್ಟುವವರನ್ನು ನಾನು ಕಂಡಿಲ್ಲ. ಮನೆಗೆ ಹೋಗಿ ಮಾಡುವುದೇನು, ಹಲ್ಲಿಯ ಜೊತೆ ಮಾತಾಡಬೇಕಷ್ಟೆ ಎಂದು ತಾನೇ ನಗುತ್ತಿದ್ದಳು. ಆ ನಗು ನನಗೆ ಯಾವತ್ತೂ ಹಿಡಿಸಲಿಲ್ಲ.

ಅವಳ ಮನೆಯ ಕಡೆ ಒಂದು ರೂಢಿ. ಯಾರು ಏನೇ ಕೊಡಲಿ, ಎಲ್ಲಿಗೇ ಕರೆಯಲಿ, ಮೊದಲು ಬ್ಯಾಡ ಅನ್ನಬೇಕು. ಅದು ಮರ್ಯಾದೆ. ಎರಡನೆಯ ಸಲವೂ ಬ್ಯಾಡ ಅನ್ನಬೇಕು. ಕರೆದವರಿಗೆ ನಿಜವಾಗಿ ಮನಸ್ಸಿದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಆಗಲೇ. ಮೂರನೆಯ ಸಲ ಕೇಳಿದರೆ ಒಪ್ಪಿಕೊಳ್ಳಬಹುದು. ಮೊದಲಿಗೇ ಹೂಂ ಅಂದ ಹೆಣ್ಣನ್ನು ಆಸೆಬುರುಕಿ ಅನ್ನುತ್ತಾರೆ. ಹೊಟ್ಟೆ ಹಸಿದಿರುವಾಗ ಈ ನಾಟಕವೆಲ್ಲ ನನ್ನ ಕೈಲಾಗುವುದಿಲ್ಲ. ಅವಳಿಗೆ ಮಾತ್ರ ಒಂದು ಲೋಟ ಟೀ ಕುಡಿಸಲು ನಾನು ಮೂರು ಸಲ ಕೇಳಬೇಕಿತ್ತು. ಬೈಯುತ್ತಲೇ ಕೇಳುತ್ತಿದ್ದೆ.

ಗೃಹಪ್ರವೇಶದ ದಿನ ಓಬಳೇಶ, ಮಹಡಿಯ ಮೇಲೊಂದು ಕೋಣೆ ಇದೆ, ಅಲ್ಲಿ ಒಬ್ಬಳೇ ಯಾಕಿರಬೇಕು, ಇಲ್ಲಿಗೇ ಬಂದುಬಿಡು ಎಂದನಂತೆ. ಬ್ಯಾಡ ಕಣಪ್ಪ, ನಿಮಗ್ಯಾಕೆ ತೊಂದ್ರೆ ಎಂದು ಇವಳು ರೂಢಿಯಂತೆ ಹೇಳಿದಳು. ಹಂಗಾದ್ರೆ ನಿನ್ನಿಷ್ಟ ಎಂದು ಅವನು ಅಡಿಗೆಯವರ ಕಡೆ ನಡೆದ. ಅಷ್ಟೇ. ಅವನೂ ಅದೇ ಮನೆಯಲ್ಲಿ ಬೆಳೆದವನು, ನಿಜ. ಆದರೆ ಗಂಡುಹುಡುಗ. ತಟ್ಟೆ ತಾನಾಗಿ ಮುಂದೆ ಬರುತ್ತಿತ್ತು. ಬ್ಯಾಡ ಅಂದು ಕಾಯುವ ಕಷ್ಟ ಅವನಿಗೇನು ಗೊತ್ತು?

ಅವತ್ತಿನಿಂದ ಏಕನಾಥಮ್ಮ ಎರಡನೆಯ ಕರೆಗೆ ಕಾದಳು. ಫೋನು ಬಡಿದುಕೊಂಡಾಗಲೆಲ್ಲ ಹೆಡ್‌ಫೋನು ಕಿತ್ತಿಡುತ್ತಿದ್ದಳು. ಅವನು ಫೋನು ಮಾಡದೆ ಇರುತ್ತಿರಲಿಲ್ಲ. ಊಟ ಆಯಿತೇ, ಬಿಪಿ ಮಾತ್ರೆ ನುಂಗಿದೆಯಾ ಎಂದೆಲ್ಲ ಕೇಳುತ್ತಿದ್ದ, ಕೋಣೆಯ ಮಾತೊಂದನ್ನು ಬಿಟ್ಟು. ನೀನೇ ಬಾಯಿಬಿಟ್ಟು ಹೇಳಬಾರದೇನೇ ಎಂದು ನಾನು ರೇಗಿದರೆ, ಕರೆಯದೆ ಹೋಗಿ ನಿಲ್ಲಲು ನಾನೇನು ಬೀದಿನಾಯಿಯಾ ಎಂದು ಮುಖ ತಿರುಗಿಸುತ್ತಿದ್ದಳು.

ಕೆಲಸದಲ್ಲಿ ಬ್ಯಾಡ ಎಂಬ ದನಿ ಬಂದಾಗಲೆಲ್ಲ ಅವಳು ‘ಇನ್ನೊಮ್ಮೆ ಕೇಳಬೇಕು’ ಎಂದೇ ಗುರುತು ಹಾಕಿದಳು. ನಮ್ಮ ಮೇಲ್ವಿಚಾರಕ ಅಂಜನ್ ಅವಳೊಡನೆ ಕೂತು ಚರ್ಚೆ ಮಾಡಿದ. ಊಟ, ನೀರು, ಮಾತುಕತೆಗೆ ಯಂತ್ರ ಎರಡು ಸಲ ಕೇಳಲಿ, ನರ್ಸು ಬಂದು ಮೈ ಒರೆಸಲೇ ಎಂಬಂಥ, ಮೈ ಮುಟ್ಟುವ ವಿಚಾರಕ್ಕೆ ಒಂದು ಬೇಡವೇ ಸಾಕು ಎಂದು ಇಬ್ಬರೂ ಒಪ್ಪಿದರು.

ಕಳೆದ ತಿಂಗಳು ಯಂತ್ರ ಪರೀಕ್ಷೆಗೆ ಬಂತು. ಹಿಟ್ಟಿನ ಡಬ್ಬಿಯಷ್ಟು ಗಾತ್ರ, ಮುಂದೊಂದು ಪುಟ್ಟ ದೀಪ. ಏಕನಾಥಮ್ಮ ಎದುರಿಗೆ ಕೂತಳು. ಒಬ್ಬರೇ ಇದ್ದೀರಲ್ಲ, ಸ್ವಲ್ಪ ಹೊತ್ತು ನಿಮ್ಮ ಜೊತೆ ಇರಲೇ ಎಂದು ಅದು ಕೇಳಿತು. ಬ್ಯಾಡ ಅಂದಳು. ಯಂತ್ರ ಕೊಂಚ ತಡೆದು ಮತ್ತೆ ಮಾತಾಡಿತು.

‘ಸಂಕೋಚ ಮಾಡ್ಕಬ್ಯಾಡ್ರಿ. ನನಗೇನೂ ತೊಂದ್ರೆ ಇಲ್ಲ. ಇರ್ಲೇನ್ರಿ?’

ಅಂಜನ್ ಚಪ್ಪಾಳೆ ತಟ್ಟಿದ. ಏಕನಾಥಮ್ಮನ ಕಣ್ಣು ತುಂಬಿತ್ತು. ಎದ್ದು ಮೆಟ್ಟಿಲ ಬಳಿ ಹೋಗಿ ತಮ್ಮನಿಗೆ ಫೋನು ಮಾಡಿದಳು. ಅವಳು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವವಳು. ಹಿಂದೆಯೇ ಹೋದ ನನಗೂ ಎಲ್ಲ ಕೇಳಿಸಿತು.

‘ಓಬ್ಳೇಶ, ಆ ರೂಮಿಗೆ ನಾನು ಬಂದು ಇರ್ಲೇನೋ?’

ಮರ್ಯಾದೆಯನ್ನೆಲ್ಲ ಕಟ್ಟಿಟ್ಟು ಅವಳು ಕೇಳಿದ್ದು ಕಂಡು ನನಗೆ ಖುಷಿಯಾಯಿತು. ಆ ಕಡೆ ಅವನು ತಡವರಿಸಿದ.

‘ನೀನು ಬ್ಯಾಡ ಅಂದಿದ್ಯಲ್ಲಕ್ಕ. ನಮ್ಮನೆಯವಳ ಅವ್ವ ಬಂದು ಅದ್ರಾಗೆ ಅವ್ರೆ.’

ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಇದ್ದಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಅವಳು ಗೋಡೆಗೆ ಒರಗಿ, ಆಗಲಿ ಬಿಡು, ಸುಮ್ಮನೆ ಕೇಳಿದೆ ಎಂದಳು. ಅವನು ದನಿ ತಗ್ಗಿಸಿ ಕೇಳಿದ.

‘ಬ್ಯಾಸ್ರ ಆತೇನಕ್ಕ?’

‘ಇಲ್ಲ.’

ಸರಿ ಹಂಗಾದ್ರೆ ಎಂದು ಅವನು ಫೋನಿಟ್ಟ.