ಆಕ್ಲೆಂಡಿನಿಂದ ಹದಿನೈದು ಗಂಟೆ

ನಾನು ಪತ್ರಿಕೆಯೊಂದರ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಕೆಲಸ ಮಾಡುವವನು. ಮುಂಬೈ ಪಕ್ಕದ ಠಾಣೆ ಊರಿನ ವರ್ತಕ ನಗರದ ನಮ್ಮ ಕಟ್ಟಡದಲ್ಲಿ ಯಾರಿಗೆ ಏನು ತಿಳಿಯಬೇಕಿದ್ದರೂ ನನ್ನನ್ನೇ ಕೇಳುತ್ತಾರೆ. ಕೆಳಮನೆಯ ಯಜಮಾನರು ತೀರಿಕೊಂಡಾಗಲೂ ಹಾಗೇ ಆಯಿತು.

ಉಡುಪಿ ಕಡೆಯಿಂದ ಬಂದು ಠಾಣೆಯ ಹೋಟೆಲುಗಳಲ್ಲಿ ದುಡಿದವರು ಅವರು. ಬೆಳಿಗ್ಗೆ ಚಹಾ ಕುಡಿಯುತ್ತಿದ್ದಂತೆ ಕುಸಿದರು. ಒಬ್ಬಳೇ ಮಗಳು, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದಾಳೆ. ಅವಳು ಬಂದು ಮುಖ ನೋಡಲೆಂದು ದೇಹವನ್ನು ಆಸ್ಪತ್ರೆಯ ಶವಾಗಾರದಲ್ಲಿ ಇರಿಸಿದೆವು.

ಸಂಜೆ ಆರಕ್ಕೆ ಮಗಳ ಫೋನ್ ಬಂತು. ಎತ್ತಿದವನು ನಾನು.

"ಟಿಕೆಟ್ ಸಿಕ್ಕಿತು ಅಣ್ಣಾ, ವಿಮಾನ ಹತ್ತುತ್ತಾ ಇದ್ದೇನೆ. ಅಮ್ಮನಿಗೆ ಹೇಳಿ."

"ಎಷ್ಟೊತ್ತಿಗೆ ಮುಟ್ತಾಳಂತೆ?" ಫೋನ್ ಇಟ್ಟ ಮೇಲೆ ಅವಳ ತಾಯಿ ಕೇಳಿದರು. "ಸಮಾ ನೋಡಿ ಹೇಳಿ, ನೀವು ಪೇಪರಿನವರಲ್ವಾ."

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ದೂರ, ಸಮಯ ತಿಳಿಸುವ ಜಾಲತಾಣವೊಂದನ್ನು ತೆರೆದೆ. ಹನ್ನೆರಡು ಸಾವಿರ ಕಿಲೋಮೀಟರಿಗೂ ಹೆಚ್ಚು, ಸುಮಾರು ಹದಿನೈದು ಗಂಟೆ. ಒಂದೇ ಮೂಲವನ್ನು ನಂಬಬಾರದೆಂಬುದು ಡೆಸ್ಕಿನ ಶಿಸ್ತು. ಇನ್ನೊಂದು ತಾಣ ನೋಡಿದೆ, ಅಲ್ಲಿಯೂ ಅಷ್ಟೇ ಇತ್ತು. ಮುಂಬೈಯಲ್ಲಿ ಇಳಿದು ಠಾಣೆಗೆ ಬರಲು ಎರಡು ಗಂಟೆ ಸೇರಿಸಿ, "ನಾಳೆ ಹನ್ನೊಂದರೊಳಗೆ ಮನೆಯಲ್ಲಿರುತ್ತಾಳೆ" ಎಂದೆ.

ಮರುದಿನ ಹತ್ತಕ್ಕೆ ದೇಹ ಮನೆಗೆ ಬಂತು. ಸ್ನಾನ ಮಾಡಿಸಿದರು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಗುರುತಿಲ್ಲದ ನಂಬರಿನಿಂದ ಕರೆ.

"ಅಣ್ಣಾ, ನನ್ನ ಸಿಮ್ ಇಲ್ಲಿ ನಡೀತಾ ಇಲ್ಲ. ಯಾರದ್ದೋ ಫೋನ್ ಬೇಡಿ ಮಾಡ್ತಿದ್ದೇನೆ. ಸಿಂಗಾಪುರದಲ್ಲಿದ್ದೇನೆ, ಮುಂದಿನ ವಿಮಾನಕ್ಕೆ ಕಾಯ್ತಾ. ಮನೆ ಮುಟ್ಟುವಾಗ ಸಂಜೆ ಏಳಾದರೂ ಆಗ್ತದೆ. ಅಲ್ಲಿವರೆಗೆ ಅಪ್ಪನನ್ನು ತರಬೇಡಿ."

ಎದುರಿಗೇ ಅವರನ್ನು ಮಲಗಿಸಿದ್ದರು. ಎಲ್ಲಿಯೂ ಇಳಿಯದೆ ನೇರವಾಗಿ ಹಾರುವ ವಿಮಾನಕ್ಕಷ್ಟೇ ಹದಿನೈದು ಗಂಟೆ. ಎರಡೂ ತಾಣಗಳು ಅದೇ ದೂರವನ್ನು ಅದೇ ವೇಗದಿಂದ ಭಾಗಿಸಿದ್ದವು. ನಾನು ಎರಡು ಮೂಲವೆಂದು ಎಣಿಸಿದ್ದು ಒಂದೇ ಲೆಕ್ಕ.

"ಮತ್ತೆ ಶವಾಗಾರಕ್ಕೆ ಕಳಿಸೋಣ" ಎಂದೆ.

ಘಣಸೋಲಿಯಿಂದ ಬಂದಿದ್ದ, ತೀರಿಕೊಂಡವರ ಅಣ್ಣ ತಲೆ ಎತ್ತಿದರು. "ಮೀಯಿಸಿ ಮಲಗಿಸಿದವನನ್ನು ಪುನಃ ಐಸಿಗೆ ಕಳಿಸುದಾ? ನಮ್ಮಲ್ಲಿ ಅದೆಲ್ಲ ಇಲ್ಲ ಮಾರಾಯ್ರೆ. ಇವನು ಹೊರಡುವವರೆಗೆ ಈ ಮಾಳಿಗೆಯ ಯಾವ ಮನೆಯಲ್ಲೂ ಒಲೆ ಹತ್ತುದಿಲ್ಲ, ಗೊತ್ತುಂಟಲ್ಲ?" ನನ್ನತ್ತ ತಿರುಗಿ ಕೇಳಿದರು: "ನಿಮ್ಮ ಪೇಪರಿನಲ್ಲಿ ಬರುದೆಲ್ಲ ಹೀಗೇಯಾ?"

ಯಾರೂ ನಗಲಿಲ್ಲ. ತಾಯಿ ನನ್ನ ಕಡೆ ನೋಡಲೇ ಇಲ್ಲ. ಮೂರು ಗಂಟೆಗೆ ದೇಹವನ್ನು ಎತ್ತಿ ಸ್ಮಶಾನಕ್ಕೆ ಒಯ್ದರು.

ಏಳೂವರೆಗೆ ಮಗಳು ಬಂದಳು. ಬ್ಯಾಗನ್ನು ಬಾಗಿಲಲ್ಲೇ ಬಿಟ್ಟು, ತಂದೆಯನ್ನು ಮಲಗಿಸಿದ್ದ, ಈಗ ತೊಳೆದಿದ್ದ ನೆಲದ ಪಕ್ಕ ಕುಳಿತಳು. ನಡೆದದ್ದನ್ನು ಒಂದೂ ಬಿಡದೆ ನಾನೇ ಹೇಳಿದೆ. ಅವಳು ಕೂಗಾಡಲಿಲ್ಲ.

"ಟಿಕೆಟ್ ನನ್ನ ಕೈಯಲ್ಲೇ ಇತ್ತು. ಫೋನಿನಲ್ಲಿ ಇದ್ದದ್ದೂ ನಾನೇ. ಎಷ್ಟು ಗಂಟೆಗೆ ಬರ್ತೀ ಅಂತ ನನ್ನನ್ನು ಯಾಕೆ ಕೇಳಲಿಲ್ಲ ಅಣ್ಣಾ?"